ಓದುಗರ ಪ್ರಶ್ನೆ, ಅಯ್ಯನವರ ಉತ್ತರ: ದೇವರ ನಡೆಸುವಿಕೆ ಮತ್ತು ಸಭೆಯ ಸಹವಾಸ

ಈ ಸಂಚಿಕೆಗಾಗಿ ಕಾಸರಗೋಡು ಜಿಲ್ಲೆಯ ಕ್ರೈಸ್ತ ಓದುಗರಿಂದ ಬಂದ ಐದು ಪತ್ರಗಳನ್ನು ಆರಿಸಿಕೊಂಡಿದ್ದೇವೆ; ಉತ್ತರಿಸುವವರು ಅಯ್ಯನವರು, ಎಂದರೆ ಸಭೆಯ ಪಾದ್ರಿ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದೆ.

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಬದಿಯಡ್ಕದ ಕಡೆಯವಳು; ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಕುವೈತಿನಲ್ಲಿ ಕೆಲಸಕ್ಕೆ ಕರೆ ಬಂದಿದೆ. ಮನೆ ಕಟ್ಟಿದ ಸಾಲ ತೀರಬೇಕಾದರೆ ಆ ಸಂಬಳ ಬೇಕು. ಆದರೆ ಅಪ್ಪ ಅಮ್ಮನಿಗೆ ನಾನೊಬ್ಬಳೇ ಮಗಳು. ದೇವರ ಚಿತ್ತವೇನೆಂದು ತಿಳಿಯಲು ಪ್ರಾರ್ಥಿಸಿ, ಕಣ್ಣು ಮುಚ್ಚಿಕೊಂಡು ಸತ್ಯವೇದವನ್ನು (ಬೈಬಲನ್ನು) ತೆರೆದೆ. ಮೊದಲ ದಿನ, ಸ್ವದೇಶವನ್ನು ಬಿಟ್ಟು ಹೊರಡು ಎಂದು ದೇವರು ಅಬ್ರಾಮನಿಗೆ ಹೇಳಿದ ಭಾಗ ಸಿಕ್ಕಿತು. ಮರುದಿನ ಯೆರೆಮೀಯನ ಗ್ರಂಥದಲ್ಲಿ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬೇಡಿರಿ ಎಂಬ ಮಾತು ಸಿಕ್ಕಿತು. ಯಾವುದನ್ನು ನಂಬಲಿ?

ಉತ್ತರ: ಸಹೋದರಿ, ಆ ಎರಡು ಭಾಗಗಳನ್ನೂ ಬೆರಳಿಟ್ಟ ಸಾಲಿಗೆ ನಿಲ್ಲಿಸದೆ ಮುಂದಕ್ಕೆ ಓದಿ ನೋಡಿ, ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಅರ್ಧಭಾಗ ಅಲ್ಲಿಯೇ ಇದೆ. ಆದಿಕಾಂಡದ 12ನೆಯ ಅಧ್ಯಾಯದ ಆರಂಭದಲ್ಲಿ ದೇವರ ಕರೆಗೆ ಓಗೊಟ್ಟು ಹೊರಟ ಅಬ್ರಾಮನು, ಅದೇ ಅಧ್ಯಾಯದ 10ನೆಯ ವಚನದಲ್ಲಿ ಬರ ಬಂತೆಂದು ಯಾರನ್ನೂ ಕೇಳದೆ ಐಗುಪ್ತಕ್ಕೆ ಇಳಿದುಹೋಗುತ್ತಾನೆ. ಅಲ್ಲಿ ಹೆಂಡತಿಯನ್ನು ತಂಗಿಯೆಂದು ಹೇಳಿ ಫರೋಹನ ಮುಂದೆ ತಲೆ ತಗ್ಗಿಸುವ ಗತಿ ಅವನಿಗೆ ಬರುತ್ತದೆ. ಇನ್ನು ಯೆರೆಮೀಯನ 42ನೆಯ ಅಧ್ಯಾಯವಂತೂ ದೇವರ ಚಿತ್ತವನ್ನು ಕೇಳುವವರ ಕಥೆಯೇ. ಯೆರೂಸಲೇಮು ಬಿದ್ದ ಮೇಲೆ ಅಳಿದುಳಿದ ಜನರು ಪ್ರವಾದಿಯ ಬಳಿಗೆ ಬಂದು, ನಾವು ಎಲ್ಲಿಗೆ ಹೋಗಬೇಕೆಂದು ದೇವರನ್ನು ಕೇಳು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಕೇಳಿದಂತೆ ನಡೆಯುತ್ತೇವೆ ಎಂದು ಆಣೆಯಿಡುತ್ತಾರೆ. ಉತ್ತರ ಬರಲು ಹತ್ತು ದಿನ ಹಿಡಿಯುತ್ತದೆ. ಇಲ್ಲಿಯೇ ಉಳಿಯಿರಿ ಎಂಬ ಉತ್ತರ ಬಂದಾಗ, ಮುಂದಿನ ಅಧ್ಯಾಯದಲ್ಲಿ, ಅವರು ಪ್ರವಾದಿಯನ್ನೇ ಸುಳ್ಳುಗಾರನೆಂದು ಕರೆದು ಐಗುಪ್ತಕ್ಕೆ ಹೊರಟುಬಿಡುತ್ತಾರೆ, ಏಕೆಂದರೆ ಕೇಳುವ ಮೊದಲೇ ಅವರ ಮನಸ್ಸು ನಿಶ್ಚಯವಾಗಿತ್ತು. ಆದುದರಿಂದ ಆ ಅಧ್ಯಾಯ ಕುವೈತಿಗೆ ಹೋಗಬೇಡ ಎಂದು ನಿಮಗೆ ಹೇಳುತ್ತಿಲ್ಲ. ಉತ್ತರ ಯಾವುದಾದರೂ ಒಪ್ಪಿಕೊಳ್ಳುವ ಮನಸ್ಸು ನಿಮಗಿದೆಯೇ ಎಂದು ಕೇಳುತ್ತಿದೆ.

ಕಣ್ಣು ಮುಚ್ಚಿ ವಚನ ಹುಡುಕುವ ಪದ್ಧತಿಗೆ ಸತ್ಯವೇದದಲ್ಲಿ ಆಧಾರವಿಲ್ಲ. (ಹೊಸ ವರ್ಷದ ರಾತ್ರಿ ಡಬ್ಬಿಯಿಂದ ವಾಗ್ದಾನದ ವಚನದ ಚೀಟಿ ಎತ್ತುವ ನಮ್ಮ ರೂಢಿಯ ಬಗ್ಗೆಯೂ ನನಗೆ ಪೂರ್ತಿ ಸಮಾಧಾನವಿಲ್ಲ, ಪ್ರವಾದಿಗಳ ಗದರಿಕೆಯ ವಚನವೊಂದನ್ನಾದರೂ ಆ ಡಬ್ಬಿಗೆ ಹಾಕಿದ ಸಭೆಯನ್ನು ನಾನು ಕಂಡಿಲ್ಲ.) ಗಿದ್ಯೋನನು ತುಪ್ಪಟವನ್ನು (ಕುರಿಯ ಉಣ್ಣೆಯನ್ನು) ಕಣದಲ್ಲಿ ಹಾಸಿ ಗುರುತು ಕೇಳಲಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ನ್ಯಾಯಸ್ಥಾಪಕರು 6ನೆಯ ಅಧ್ಯಾಯವನ್ನು ನೋಡಿದರೆ, ಏನು ಮಾಡಬೇಕೆಂಬ ಆಜ್ಞೆ ಅವನಿಗೆ ಆಗಲೇ ಸ್ಪಷ್ಟವಾಗಿ ಸಿಕ್ಕಿತ್ತು. ತುಪ್ಪಟ ಅವನ ಹೆದರಿಕೆಗೆ ಬೇಕಾಯಿತು. ದೇವರು ಅವನ ಬಲಹೀನತೆಯನ್ನು ಸಹಿಸಿಕೊಂಡನು, ಅಷ್ಟೇ. ಅದನ್ನು ನಮಗೆ ವಿಧಾನವಾಗಿ ಕೊಡಲಿಲ್ಲ.

ಹಾಗಾದರೆ ದೇವರು ನಡೆಸುವುದು ಹೇಗೆ? ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಪೌಲನ ಪ್ರಯಾಣವನ್ನು ನಿಧಾನವಾಗಿ ಓದಿ. ಆಸ್ಯಸೀಮೆಯಲ್ಲಿ ವಾಕ್ಯ ಸಾರಲು ಪವಿತ್ರಾತ್ಮನು ತಡೆದನು. ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದಾಗಲೂ ಬಾಗಿಲು ಮುಚ್ಚಿತು. ಎರಡು ಸಲ ದಾರಿ ತಪ್ಪಿದಂತೆ ಕಂಡ ಮೇಲೆಯೇ ತ್ರೋವದಲ್ಲಿ ರಾತ್ರಿ ದರ್ಶನವಾದದ್ದು. ಆ ದರ್ಶನವನ್ನು ಕಂಡವನು ಪೌಲನೊಬ್ಬನೇ. ಆದರೆ ದೇವರು ಮಕೆದೋನ್ಯಕ್ಕೆ ಕರೆಯುತ್ತಿದ್ದಾನೆಂದು ನಿಶ್ಚಯಿಸಿಕೊಂಡವರು ಜೊತೆಯಲ್ಲಿದ್ದವರೆಲ್ಲರೂ. ಅಪೊಸ್ತಲನಾದ ಪೌಲನಿಗೇ ಒಬ್ಬನ ಕಣ್ಣಿಗೆ ಕಂಡದ್ದನ್ನು ಹಲವರು ಕೂಡಿ ತೂಗಿ ನೋಡುವುದು ಅಗತ್ಯವಾಗಿತ್ತು ಎಂದ ಮೇಲೆ, ನಾವು ಬಾಗಿಲು ಹಾಕಿಕೊಂಡು ಒಬ್ಬರೇ ತೀರ್ಮಾನಿಸಲು ಹೊರಡುವುದು ಯಾವ ಧೈರ್ಯದಿಂದ? ಮುಂದೆ ಏನಾಯಿತೆಂಬುದನ್ನೂ ಗಮನಿಸಿ. ದರ್ಶನದಲ್ಲಿ ಕರೆದವನು ಒಬ್ಬ ಪುರುಷ. ಮಕೆದೋನ್ಯದ ಫಿಲಿಪ್ಪಿ ಪಟ್ಟಣದಲ್ಲಿ ಮೊದಲು ಹೃದಯ ತೆರೆದವಳು ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಕೂಡಿದ್ದ ಸ್ತ್ರೀಯರಲ್ಲಿ ಒಬ್ಬಳಾದ ಲುದ್ಯಳು. ಅದರ ಬೆನ್ನಿಗೇ ಪೆಟ್ಟು, ಸೆರೆಮನೆ. ದೇವರು ನಡೆಸಿದ ದಾರಿ ಸುಲಭವಾಗಿಯೇ ಇರಬೇಕೆಂದೂ, ಕಷ್ಟ ಬಂದರೆ ದೇವರ ಚಿತ್ತವನ್ನು ಮೀರಿದೆವೆಂದೂ ಲೆಕ್ಕ ಹಾಕುವುದು ಸರಿಯಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಹೋಗುವುದೂ ಪಾಪವಲ್ಲ, ಉಳಿಯುವುದೂ ಪಾಪವಲ್ಲ. ಇಂತಹ ಕಡೆಗಳಲ್ಲಿ ದೇವರು ಬುದ್ಧಿಯನ್ನು ಕೊಟ್ಟು, ಬುದ್ಧಿ ಹೇಳುವವರನ್ನೂ ಕೊಡುತ್ತಾನೆ. ಜ್ಞಾನ ಕಡಿಮೆಯಾಗಿದ್ದರೆ ದೇವರನ್ನು ಕೇಳಿಕೊಳ್ಳಲಿ ಎಂಬ ಯಾಕೋಬನ ಮಾತು ಇಂತಹ ಸಂದರ್ಭಕ್ಕೇ ಹೇಳಿದಂತಿದೆ. ಮೊದಲು ಅಪ್ಪ ಅಮ್ಮನ ಜೊತೆ ಕುಳಿತು, ಅವರ ಬಾಯಿಂದ ‘ಹೋಗು ಮಗಾ’ ಎಂದು ಹೊರಡುವ ಮಾತಿನ ಹಿಂದೆ ಏನಿದೆ ಎಂದು ಬಿಡಿಸಿ ಕೇಳಿ. ಸಾಲದ ಮೊತ್ತ, ಸಂಬಳ, ಕರಾರಿನ ವರ್ಷಗಳನ್ನು ಕಾಗದದ ಮೇಲೆ ಬರೆಯಿರಿ. ಕೆಲಸ ಕೊಡಿಸುವವರು ಯಾರೆಂಬುದನ್ನು ನೋರ್ಕಾ ರೂಟ್ಸ್, ಒಡೆಪೆಕ್‌ನಂತಹ ಕೇರಳ ಸರಕಾರದ ಸಂಸ್ಥೆಗಳಲ್ಲಿ ವಿಚಾರಿಸಿ. ವಿಚಾರಣೆ ಮಾಡುವುದು ಅವಿಶ್ವಾಸವಲ್ಲ. ಆಮೇಲೆ ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಸಭೆಯ ಇಬ್ಬರು ಮೂವರು ಹಿರಿಯರ ಮುಂದೆ, ಸಾಧ್ಯವಾದರೆ ಕೊಲ್ಲಿಯಲ್ಲಿ ದುಡಿದು ಬಂದ ಒಬ್ಬ ಸಹೋದರಿಯ ಮುಂದೆಯೂ, ಎಲ್ಲವನ್ನೂ ಇಡಿ. ಅವರನ್ನು ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ನಾನು ಹೋದರೆ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರು ಯಾರು? ಅದಕ್ಕೆ ಸಭೆಯಿಂದ ಬರುವ ಉತ್ತರವೂ ದೇವರ ನಡೆಸುವಿಕೆಯ ಭಾಗವೇ. ಹೋಗುವುದೆಂದು ನಿಶ್ಚಯವಾದರೆ ಅಲ್ಲಿ ಒಂಟಿಯಾಗಿ ಉಳಿಯಬೇಡಿ; ಕುವೈತ್ ನಗರದ ನ್ಯಾಷನಲ್ ಇವಾಂಜೆಲಿಕಲ್ ಚರ್ಚಿನ ಆವರಣದಲ್ಲಿ ಹಲವು ಭಾಷೆಗಳ ಸಭೆಗಳು ಕೂಡುತ್ತವೆ, ಶುಕ್ರವಾರ ರಜೆಯಾದುದರಿಂದ ಆರಾಧನೆಯೂ ಹೆಚ್ಚಾಗಿ ಅಂದೇ. ನಿಮ್ಮ ಅಯ್ಯನವರಿಂದ ಪರಿಚಯದ ಪತ್ರವನ್ನು ತೆಗೆದುಕೊಂಡೇ ಹೊರಡಿ.

ಪ್ರಶ್ನೆ: ನಾನು ಉಪ್ಪಳದ ಸಮೀಪದ ನಿವೃತ್ತ ಅಧ್ಯಾಪಕ. 2020ರ ಲಾಕ್‌ಡೌನಿನಿಂದ ಈಚೆಗೆ ಫೋನಿನಲ್ಲಿಯೇ ಆರಾಧನೆ ನೋಡುತ್ತೇನೆ. ಬೆಂಗಳೂರಿನ ಒಳ್ಳೊಳ್ಳೆಯ ಪ್ರಸಂಗಿಗಳು ಸಿಗುತ್ತಾರೆ. ನಮ್ಮ ಸಭೆಯಲ್ಲಾದರೋ ಕಮಿಟಿ ಚುನಾವಣೆಯಾದಂದಿನಿಂದ ಎರಡು ಪಂಗಡ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅಲ್ಲಿಗೆ ಹೋಗಿ ಮನಸ್ಸು ಕೆಡಿಸಿಕೊಳ್ಳುವುದಕ್ಕಿಂತ ಮನೆಯಲ್ಲಿ ಕುಳಿತು ನಂಬಿಕೆಯಲ್ಲಿ ಬೆಳೆಯುವುದು ಮೇಲಲ್ಲವೇ?

ಉತ್ತರ: ಮಾಸ್ತರೇ, ಹಾಸಿಗೆ ಹಿಡಿದವರಿಗೂ ದೂರದಲ್ಲಿ ದುಡಿಯುವವರಿಗೂ ಆ ಫೋನು ದೊಡ್ಡ ಉಪಕಾರ; ಅದನ್ನು ನಾನು ಹಗುರ ಮಾಡುವುದಿಲ್ಲ. ನಿಮ್ಮ ಕಾಲು ಗಟ್ಟಿಯಿದೆಯೆಂದು ಪತ್ರದಿಂದಲೇ ತಿಳಿಯುತ್ತದೆ, ಆದುದರಿಂದ ನಿಮಗೆ ಬೇರೆಯಾಗಿ ಹೇಳಬೇಕಾಗುತ್ತದೆ.

ಒಳ್ಳೆಯ ಪ್ರಸಂಗ ಕೇಳುವುದು ಒಂದು, ಸಹವಾಸ ಇನ್ನೊಂದು. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಆರಂಭದಲ್ಲಿ, ನಿಮ್ಮನ್ನು ಬಲಪಡಿಸಲು ಬಯಸುತ್ತೇನೆ ಎಂದು ಹೇಳಿ, ಕೂಡಲೇ ಅದನ್ನು ತಿದ್ದಿಕೊಳ್ಳುವವನಂತೆ, ನಿಮ್ಮ ನಂಬಿಕೆಯಿಂದ ನಾನೂ ನನ್ನ ನಂಬಿಕೆಯಿಂದ ನೀವೂ ಧೈರ್ಯ ಹೊಂದಬೇಕೆಂದು ಬರೆಯುತ್ತಾನೆ. ತಾನು ಇನ್ನೂ ಮುಖ ನೋಡದ ಸಾಮಾನ್ಯ ವಿಶ್ವಾಸಿಗಳಿಂದ ಅಪೊಸ್ತಲನು ಧೈರ್ಯ ಪಡೆಯಲು ಕಾದಿದ್ದನು. ಫೋನಿನ ಪ್ರಸಂಗಿಗೆ ನಿಮ್ಮಿಂದ ಏನೂ ಸಿಗುವುದಿಲ್ಲ. ನೀವು ಈ ವಾರ ಬರಲಿಲ್ಲವೆಂಬುದೂ ಅವರಿಗೆ ತಿಳಿಯದು. ಯೇಸುವಿನ ಶಿಷ್ಯನಾದ ತೋಮನನ್ನು ನೆನೆಯಿರಿ. ಪುನರುತ್ಥಾನದ ಸಾಯಂಕಾಲ ಶಿಷ್ಯರು ಕೂಡಿದ್ದಾಗ ಅವನು ಅಲ್ಲಿರಲಿಲ್ಲ. ಉಳಿದವರು ಹೇಳಿದರೂ ಅವನು ನಂಬಲಿಲ್ಲ. ಆದರೂ ಅವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಸಂಶಯವಿದೆಯೆಂದು ದೂರ ಉಳಿಯಲಿಲ್ಲ. ಎಂಟು ದಿನದ ಮೇಲೆ ಕರ್ತನು ಅವನಿಗೆ ಕಾಣಿಸಿಕೊಂಡದ್ದು ಆ ಗುಂಪಿನ ನಡುವೆಯೇ.

ಪಂಗಡಗಳ ವಿಷಯದಲ್ಲಿ ನೀವು ಹೇಳುವುದು ನಿಜವಿರಬಹುದು. ಯಾಜಕನಾದ ಏಲಿಯ ಕಾಲದ ಶೀಲೋವಿನ ಆಲಯದಲ್ಲಿ ಅವನ ಮಕ್ಕಳು ಮಾಡುತ್ತಿದ್ದ ಅನ್ಯಾಯಕ್ಕೆ ಹೋಲಿಸಿದರೆ ನಮ್ಮ ಕಮಿಟಿ ಜಗಳಗಳು ಸಣ್ಣವು. ಅಂತಹ ಆಲಯದಲ್ಲಿಯೇ ಬಾಲಕ ಸಮುವೇಲನು ದೇವರ ಸ್ವರವನ್ನು ಕೇಳಿದನು. ಅದು ಯಾರ ಸ್ವರವೆಂದು ಅವನಿಗೆ ತಿಳಿಯದಿದ್ದಾಗ ಗುರುತಿಸಿ ಹೇಳಿದವನು, ಸ್ವಂತ ಮನೆಯನ್ನೇ ತಿದ್ದಲಾಗದ ಆ ಮುದುಕ ಏಲಿ. ಮೇಲೆ ಹೇಳಿದ ಫಿಲಿಪ್ಪಿಯ ಸಭೆಯಲ್ಲಿಯೂ ಮುಂದೆ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರಿಗೆ ಮನಸ್ತಾಪ ಬಂತು. ಪೌಲನು ಆ ಪತ್ರದ 4ನೆಯ ಅಧ್ಯಾಯದಲ್ಲಿ ಇಬ್ಬರಿಗೂ ಒಂದೇ ಮನಸ್ಸುಳ್ಳವರಾಗಿರಿ ಎಂದು ಬೇಡಿಕೊಂಡು, ಜೊತೆಗೆಲಸದವನಾದ ಮೂರನೆಯವನೊಬ್ಬನನ್ನು, ನೀನು ಅವರಿಗೆ ಸಹಾಯಮಾಡು ಎಂದು ಕೇಳಿಕೊಳ್ಳುತ್ತಾನೆ. ನೀವು ಎರಡೂ ಪಂಗಡಗಳ ಮಕ್ಕಳಿಗೆ ಪಾಠ ಹೇಳಿದವರು. ಆ ಮೂರನೆಯವನ ಜಾಗ ನಿಮ್ಮ ಸಭೆಯಲ್ಲಿ ಖಾಲಿಯಿದೆಯೆಂದೇ ನನಗೆ ತೋರುತ್ತದೆ. ಚುನಾವಣೆಯ ಮಾತನ್ನು ಮೊದಲ ದಿನವೇ ಎತ್ತಬೇಡಿ. ಆರಾಧನೆ ಮುಗಿದ ಮೇಲೆ ಬೇಗನೆ ಹೊರಟುಹೋಗದೆ ಎರಡೂ ಕಡೆಯವರ ಜೊತೆ ನಿಂತು ಮಾತನಾಡಿ, ಅಷ್ಟು ಸಾಕು. ಬೆಂಗಳೂರಿನ ಪ್ರಸಂಗವನ್ನು ಸಂಜೆ ಕೇಳಬಹುದು.

ಪ್ರಶ್ನೆ: ಕುಂಬಳೆಯಲ್ಲಿ ನಡೆದ ಒಂದು ಉಪವಾಸ ಪ್ರಾರ್ಥನೆಗೆ ಬಂದಿದ್ದ ಹೊರಗಿನ ಪ್ರಸಂಗಿಯೊಬ್ಬರು, ನಮ್ಮ ಮನೆಯ ಮೇಲೆ ಶಾಪವಿದೆಯೆಂದು ದೇವರು ತಮಗೆ ತೋರಿಸಿದ್ದಾಗಿ ಹೇಳಿ, ಅದನ್ನು ಮುರಿಯಲು ವಿಶೇಷ ಕಾಣಿಕೆ ಕೊಡಬೇಕೆಂದರು. ಕೊಡಬೇಕೇ?

ಉತ್ತರ: ಕೊಡಬೇಡಿ. ಹಣಕ್ಕಾಗಿ ಕಣಿಹೇಳುವ ಪ್ರವಾದಿಗಳನ್ನು ಮೀಕನು 3ನೆಯ ಅಧ್ಯಾಯದಲ್ಲಿಯೇ ಖಂಡಿಸಿದ್ದಾನೆ. ದೇವರ ವರವನ್ನು ಹಣದಿಂದ ಕೊಳ್ಳಬಹುದೆಂದು ಎಣಿಸಿದ ಸೀಮೋನನಿಗೆ ಪೇತ್ರನು ಏನು ಹೇಳಿದನೆಂಬುದು ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿದೆ. ಯಾರಾದರೂ ಪ್ರವಾದಿಸಿದರೆ ಮಿಕ್ಕವರು ಅದನ್ನು ವಿವೇಚಿಸಲಿ ಎಂದು ಪೌಲನು ಕೊರಿಂಥದವರಿಗೆ ನಿಯಮ ಮಾಡಿದ್ದಾನೆ. ಆ ಪ್ರಸಂಗಿಯು ಇದೇ ಮಾತನ್ನು ನಿಮ್ಮ ಅಯ್ಯನವರ ಮತ್ತು ಸಭಾ ಹಿರಿಯರ ಮುಂದೆ ಹೇಳಲು ಸಿದ್ಧರಿದ್ದಾರೆಯೇ ಎಂದು ಕೇಳಿ ನೋಡಿ.

ಪ್ರಶ್ನೆ: ಎಣ್ಮಕಜೆಯ ಕಡೆಯ ಗೇರು ತೋಟಗಳ ಅಂಚಿನಲ್ಲಿ ನಮ್ಮ ಮನೆ. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ವರ್ಷಗಳಲ್ಲಿ ಹುಟ್ಟಿದ ನನ್ನ ತಮ್ಮನಿಗೆ ನಡೆಯಲೂ ಮಾತನಾಡಲೂ ಆಗುವುದಿಲ್ಲ. ಪ್ರಾರ್ಥಿಸಲು ಬಂದ ಕೆಲವರು, ನಿಮ್ಮ ಮನೆಯಲ್ಲಿ ಅರಿಕೆಮಾಡದ ಪಾಪವಿದೆ, ನಂಬಿಕೆ ಸಾಲದು, ಆದುದರಿಂದಲೇ ಗುಣವಾಗಿಲ್ಲ ಎಂದು ಹೇಳಿ ಹೋದರು. ಅಂದಿನಿಂದ ಅಮ್ಮ ಯಾರ ಜೊತೆಯೂ ಪ್ರಾರ್ಥನೆಗೆ ಕೂರುವುದಿಲ್ಲ. ತಮ್ಮನನ್ನು ಬಿಟ್ಟು ಭಾನುವಾರ ಎಲ್ಲರೂ ಹೊರಡುವಂತೆಯೂ ಇಲ್ಲ. ನಮ್ಮ ನಂಬಿಕೆ ಒಣಗುತ್ತಿದೆ.

ಉತ್ತರ: ಸಹೋದರಿ, ಆ ಮಾತನ್ನು ಆಡಿದವರು ದೇವರ ಹೆಸರಿನಲ್ಲಿ ಸುಳ್ಳು ಹೇಳಿದರು. ಇದನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ.

1970ರ ದಶಕದ ಕೊನೆಯಿಂದ 2000ದವರೆಗೆ ನಿಮ್ಮ ಗುಡ್ಡಗಳ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದದ್ದು ಮನುಷ್ಯರು ಕೊಂಡು ತಂದ ಕೀಟನಾಶಕ. ಅದು ತೋಡಿಗೂ ಬಾವಿಗೂ ಇಳಿಯುವಾಗ ಯಾರ ಮನೆಯಲ್ಲಿ ಪಾಪವಿದೆಯೆಂದು ನೋಡಲಿಲ್ಲ. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಭೇದವನ್ನೂ ಮಾಡಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆಯಿತು. 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಲೋಕದ ನ್ಯಾಯಾಲಯಕ್ಕೆ ಕಂಡ ಕಾರಣ ಪ್ರಾರ್ಥಿಸಲು ಬಂದವರಿಗೆ ಕಾಣಲಿಲ್ಲವೆಂಬುದು ನಾಚಿಕೆಯ ಸಂಗತಿ. ಹುಟ್ಟು ಕುರುಡನನ್ನು ಕಂಡು, ಇವನು ಪಾಪಮಾಡಿದನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದು ಕರ್ತನು ಉತ್ತರಿಸಿದ್ದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಅಮ್ಮನಿಗೆ ಅದನ್ನು ಓದಿ ಹೇಳಿ.

ಇನ್ನು ನಂಬಿಕೆ ಸಾಲದೆಂಬ ಆಪಾದನೆ. ಮಾರ್ಕನ 2ನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ. ಜನರ ಗುಂಪಿನಿಂದಾಗಿ ಹತ್ತಿರ ಬರಲಾಗದೆ ಮಾಳಿಗೆಯನ್ನು ತೆಗೆದುಹಾಕಿ ಅವನನ್ನು ಕೆಳಗಿಳಿಸುತ್ತಾರೆ. ಅಲ್ಲಿ ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ಅಸ್ವಸ್ಥನು ಸಭೆಯ ಹಿರಿಯರನ್ನು ಕರೆಕಳುಹಿಸಲಿ ಎಂದು ಹೇಳುವ ಯಾಕೋಬನ 5ನೆಯ ಅಧ್ಯಾಯದಲ್ಲಿಯೂ ನಂಬಿಕೆಯಿಂದ ಪ್ರಾರ್ಥಿಸಬೇಕಾದವರು ಬಂದ ಹಿರಿಯರೇ. ಹೀಗಿರುವಾಗ ಬಂದವರು ತಮ್ಮ ಪಾಲಿನ ಭಾರವನ್ನು ಮಲಗಿದವನ ತಲೆಯ ಮೇಲೂ ಅವನ ತಾಯಿಯ ಮೇಲೂ ಇಳಿಸಿ ಹೋಗುವುದು ಯಾವ ನ್ಯಾಯ? ಆ ತಪ್ಪನ್ನು ತಿರುಗಿಸಿ ಅವರ ಮೇಲೆ ಹೊರಿಸಿರೆಂದೂ ನಾನು ಹೇಳುತ್ತಿಲ್ಲ, ಏಕೆಂದರೆ ಗುಣವಾಗದಿರುವುದಕ್ಕೆಲ್ಲ ಯಾರದೋ ನಂಬಿಕೆಯ ಕೊರತೆಯೇ ಕಾರಣವೆಂಬ ಲೆಕ್ಕಾಚಾರವೇ ತಪ್ಪು. ಪೌಲನು ಶರೀರದಲ್ಲಿ ನಾಟಿದ ಶೂಲ ತೊಲಗಲೆಂದು ಮೂರು ಸಲ ಬೇಡಿಕೊಂಡನು. ಅದು ತೊಲಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಪೌಲನಿಗೆ ನಂಬಿಕೆ ಕಡಿಮೆಯಿತ್ತೆಂದು ಯಾರೂ ಹೇಳಲಾರರು.

ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಬಳಿಗೆ ಅವನ ಗೆಳೆಯರು ಮೊದಲು ಬಂದಾಗ ಏಳು ದಿನ ಅವನ ಜೊತೆ ನೆಲದ ಮೇಲೆ ಬಾಯಿ ತೆರೆಯದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಮಾತು ಆರಂಭವಾದ ಮೇಲೆ ಅವರು ಹೇಳಿದ್ದೂ ನಿಮ್ಮಲ್ಲಿಗೆ ಬಂದವರು ಹೇಳಿದ್ದನ್ನೇ. ಕೊನೆಯಲ್ಲಿ ದೇವರ ಕೋಪ ಉರಿದದ್ದು ಆ ಗೆಳೆಯರ ಮೇಲೆ, ಅಷ್ಟೂ ದಿನ ದೇವರೊಡನೆ ವಾದಿಸಿದ ಯೋಬನ ಮೇಲಲ್ಲ. ಅಮ್ಮ ಬಾಯಿಬಿಟ್ಟು ಪ್ರಾರ್ಥಿಸದೆ ಇದ್ದರೆ ಒತ್ತಾಯ ಮಾಡಬೇಡಿ. ನೀವು ಪಕ್ಕದಲ್ಲಿ ಕುಳಿತು ಒಂದು ಕೀರ್ತನೆ ಓದಿ. 88ನೆಯ ಕೀರ್ತನೆಯನ್ನೇ ಓದಿದರೂ ಆದೀತು, ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲಿಯೇ ಮುಗಿಯುವ ಆ ಮೊರೆಯೂ ಸತ್ಯವೇದದಲ್ಲಿ ಸೇರಿದೆ.

ನಿಮ್ಮ ಸಭೆಯವರಿಗೆ ನಾನು ಹೇಳಬೇಕಾದದ್ದು ಇದು. ಈ ಮನೆಯವರು ಆಲಯಕ್ಕೆ ಬರಲಾರರು, ಆದುದರಿಂದ ಆಲಯ ಇವರಲ್ಲಿಗೆ ಹೋಗಬೇಕು. ತಿಂಗಳಿಗೊಮ್ಮೆ ಅಯ್ಯನವರು ಕರ್ತನ ಭೋಜನವನ್ನು ಮನೆಗೆ ತಂದು ಕೊಡಲಿ. ಸ್ತ್ರೀಯರ ಕೂಟದವರು ಸರದಿಯಂತೆ ಒಬ್ಬೊಬ್ಬರು ಭಾನುವಾರ ಬೆಳಿಗ್ಗೆ ತಮ್ಮನ ಬಳಿ ಕುಳಿತರೆ ತಾಯಿಯೂ ಮಗಳೂ ಜೊತೆಯಾಗಿ ಆರಾಧನೆಗೆ ಹೋಗಬಹುದು. ಬರುವವರು ಅವನಿಗೆ ಅನ್ನ ಉಣ್ಣಿಸುವುದನ್ನೂ ಮಗ್ಗುಲು ಬದಲಿಸುವುದನ್ನೂ ಅಮ್ಮನಿಂದ ಮೊದಲೇ ಕಲಿತುಕೊಳ್ಳಲಿ. ಈ ಉತ್ತರವನ್ನು ನೀವೇ ನಿಮ್ಮ ಅಯ್ಯನವರಿಗೆ ತೋರಿಸಿ. ಕೇಳಲು ಸಂಕೋಚವಾದರೆ ನನ್ನ ಹೆಸರು ಹೇಳಿ.

ಪ್ರಶ್ನೆ: ಮದುವೆಯಾಗಿ ಕಾಞಂಗಾಡಿಗೆ ಬಂದೆ. ಹತ್ತಿರವಿರುವ ಸಭೆ ಮಲಯಾಳದ್ದು. ಮಕ್ಕಳು ಮಲಯಾಳ ಶಾಲೆಯಲ್ಲಿ ಕಲಿಯುತ್ತಿರುವುದರಿಂದ ಅವರಿಗೆ ತೊಂದರೆಯಿಲ್ಲ. ನನಗೆ ಪ್ರಸಂಗ ಅರ್ಧವೂ ಹತ್ತುವುದಿಲ್ಲ. ಅರ್ಥವಾಗದ ಆರಾಧನೆಯಲ್ಲಿ ಕುಳಿತು ನಂಬಿಕೆ ಬಲಗೊಳ್ಳುವುದುಂಟೇ? ಕನ್ನಡವೇ ಬೇಕೆನ್ನುವುದು ನನ್ನ ಹಟವೇ?

ಉತ್ತರ: ಹಟವಲ್ಲ. ಅನ್ಯಭಾಷೆಯ ಹತ್ತು ಸಾವಿರ ಮಾತುಗಳಿಗಿಂತ ಅರ್ಥವಾಗುವ ಐದು ಮಾತುಗಳು ಮೇಲು ಎಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಯೆರೂಸಲೇಮಿನ ಮೊದಲ ಸಭೆಯಲ್ಲಿಯೇ ಭಾಷೆಯ ನೋವಿತ್ತು: ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಅಲಕ್ಷ್ಯಮಾಡುತ್ತಾರೆಂದು ಗ್ರೀಕ್ ಮಾತನಾಡುವವರು ಗುಣುಗುಟ್ಟಿದರು. ಅಪೊಸ್ತಲರು ಅವರನ್ನು ಗದರಲಿಲ್ಲ. ಆ ಕೆಲಸಕ್ಕೆ ಏಳು ಮಂದಿಯನ್ನು ಆರಿಸಿರಿ ಎಂದು ಸಭೆಗೆ ಹೇಳಿದರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬುದನ್ನು ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಗಮನಿಸಿ.

ನಮ್ಮ ಕಡೆಯಲ್ಲಿ ಈ ಎರಡು ಭಾಷೆಗಳ ಸಭೆಗಳು ಒಂದಕ್ಕೊಂದು ಪರಕೀಯವೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲಿಗರಲ್ಲಿ ಒಬ್ಬರಾದ ಹೆಬಿಕ್ ಮುಂದೆ ಕಣ್ಣೂರಿನಲ್ಲಿ ನೆಲೆನಿಂತರು. ಅದೇ ಮಿಷನ್ನಿನ ಗುಂಡರ್ಟ್ ತಲಶ್ಶೇರಿಯಲ್ಲಿದ್ದು ಮಲಯಾಳಕ್ಕೂ, ಕಿಟ್ಟೆಲ್ ಈಚೆ ಕನ್ನಡಕ್ಕೂ ನಿಘಂಟು ರಚಿಸಿದರು. ಒಂದು 1872ರಲ್ಲಿ, ಇನ್ನೊಂದು 1894ರಲ್ಲಿ ಬಂತು. ಅವರ ನಡುವೆ ಚಂದ್ರಗಿರಿ ಹೊಳೆ ಗಡಿಯಾಗಿ ನಿಂತಿರಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನಂತರದ ರಾಜ್ಯದ ಗಡಿ ಕನ್ನಡಿಗರಾದ ನಮಗೆ ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಎಷ್ಟು ಕಷ್ಟ ಕೊಟ್ಟಿದೆಯೆಂಬುದನ್ನು ಬಲ್ಲೆ, ಆ ಕಹಿಯನ್ನು ಆಲಯದ ಒಳಗೆ ಒಯ್ಯದಿರುವುದು ಒಳ್ಳೆಯದು.

ಆದುದರಿಂದ ಎರಡನ್ನೂ ಮಾಡಿ. ಹತ್ತಿರದ ಮಲಯಾಳ ಸಭೆಯನ್ನು ಬಿಡಬೇಡಿ. ಕಾಯಿಲೆ ಬಿದ್ದ ರಾತ್ರಿ ಬಾಗಿಲು ತಟ್ಟಲು ಸಿಗುವವರು ಆ ಸಭೆಯವರೇ. ಭಾನುವಾರದ ವೇದಪಾಠಗಳು ಯಾವುವೆಂದು ಮುಂಚಿತವಾಗಿ ಕೇಳಿ ತಿಳಿದು, ಶನಿವಾರ ರಾತ್ರಿ ಮನೆಯವರೆಲ್ಲರೂ ಕುಳಿತು ಕನ್ನಡದಲ್ಲಿ ಓದಿ. ಹಾಗೆ ಮಾಡಿದರೆ ಪ್ರಸಂಗದ ಎಳೆ ಹಿಡಿಯುವುದು ಸುಲಭವಾಗುತ್ತದೆ, ಮಕ್ಕಳ ಕನ್ನಡವೂ ಉಳಿಯುತ್ತದೆ. ಕರ್ತನ ಪ್ರಾರ್ಥನೆಯನ್ನೂ ವಿಶ್ವಾಸಪ್ರಮಾಣವನ್ನೂ ಮಲಯಾಳದಲ್ಲಿ ಬಾಯಿಪಾಠ ಮಾಡಿಕೊಳ್ಳಿ. ಒಂದೇ ರಾಗದ ಹಾಡುಗಳು ಎರಡೂ ಭಾಷೆಗಳ ಗೀತಪುಸ್ತಕಗಳಲ್ಲಿ ಎಷ್ಟೋ ಇವೆ. ಅಂತಹ ಹಾಡು ಬಂದಾಗ ನೀವು ಕನ್ನಡದಲ್ಲಿ ಹಾಡಿದರೆ ಯಾರ ತಾಳವೂ ತಪ್ಪುವುದಿಲ್ಲ. ಜೊತೆಗೆ, ನಿಮ್ಮಂತೆಯೇ ಅಲ್ಲಿಗೆ ಬಂದಿರುವ ಕನ್ನಡದ ಮನೆಗಳು ಇನ್ನೂ ಇರಬಹುದು. ಆ ಸಭೆಯ ಅಯ್ಯನವರಿಗೆ ತಿಳಿಸಿ, ಅವರ ಒಪ್ಪಿಗೆಯಿಂದಲೇ ತಿಂಗಳಿಗೊಂದು ಸಂಜೆ ನಿಮ್ಮ ಮನೆಯಲ್ಲಿ ಕನ್ನಡ ಪ್ರಾರ್ಥನಾ ಕೂಟವನ್ನು ಆರಂಭಿಸಿ. ಎರಡು ಮನೆಯವರು ಬಂದರೂ ಸಾಕು. ಮಾರ್ಕನ ಸುವಾರ್ತೆಯಿಂದ ತೊಡಗಿ ಸಲಕ್ಕೆ ಒಂದು ಅಧ್ಯಾಯದಂತೆ ಓದಿಕೊಂಡು ಹೋಗಬಹುದು.